ಡನೀಡಿನ್‌ನಲ್ಲಿ ‘ಹೋಗಿ ಬರ್ತೀವಿ’ ಅಂದದ್ದು

ಇಳಿಯುವ ಮೊದಲೇ

ಊರು ನೋಡಲು ಹೋಗುವವರು ಬೇರೆ. ನಾನು ಊರೊಂದನ್ನು ನಪಾಸು ಮಾಡಲೆಂದೇ ವಿಮಾನ ಹತ್ತಿದವಳು. ಅದೂ ನನ್ನಷ್ಟಕ್ಕೆ ನಾನೇ ಹೊರಟಿದ್ದಲ್ಲ, ಮರ್ಯಾದೆಯಿಂದ ಕರೆದುಕೊಂಡು ಹೋದದ್ದು.

ಕರೆದವಳು ನನ್ನ ತಂಗಿ ಸುಮಾ. ಆಕ್ಲೆಂಡಿನ ಪಶ್ಚಿಮಕ್ಕಿರುವ ನ್ಯೂ ಲಿನ್‌ನಲ್ಲಿ ಬಹಳ ವರ್ಷದಿಂದ ಇದ್ದಳು. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಅದರ ಹಿಂದಿನ ವರ್ಷ ಗಂಡನಿಂದ ಬೇರೆಯಾಗಿದ್ದಳು. ದಸರೆಯ ಹೊತ್ತಿಗೆ ನಾನು ರಜೆ ಹಾಕಿ ಅವಳನ್ನು ನೋಡಲು ಹೋದಾಗ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಕೆಳಗಡೆ ಇರುವ ಡನೀಡಿನ್ ಎಂಬ ಊರಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಹೌದು ಅಥವಾ ಇಲ್ಲ ಹೇಳಬೇಕಾಗಿತ್ತು.

ನ್ಯೂ ಲಿನ್ ಸುತ್ತಮುತ್ತಲಿನ ನಮ್ಮ ಕಡೆಯವರು ಒಳ್ಳೆಯವರೇ. ಹಬ್ಬಕ್ಕೆ ಕರೆಯುತ್ತಾರೆ, ಹೊರಡುವಾಗ ಹೋಳಿಗೆ ಕಟ್ಟಿ ಕೊಡುತ್ತಾರೆ. ಆದರೆ ಹೋಳಿಗೆಯ ಮೇಲೆ ತುಪ್ಪ ಹಾಕುತ್ತಲೇ “ಅವರೇನು ಮತ್ತ ಫೋನ್ ಮಾಡಿದ್ರೇನು? ಯಾಕ ಹಿಂಗಾತು?” ಎಂದು ಕೇಳುತ್ತಾರೆ. ತುಪ್ಪ ಬೇಡ ಎನ್ನಬಹುದು, ಪ್ರಶ್ನೆ ಬೇಡ ಎನ್ನಲು ಬರುವುದಿಲ್ಲ.

“ಅಕ್ಕಾ, ನೀ ನನ್ನ ಜೋಡಿ ಬಾ,” ಎಂದಳು ಸುಮಾ. “ಎಲ್ಲಾರೂ ಛಲೋ ಊರು, ಛಲೋ ಊರು ಅಂತಾರ. ಛಲೋ ಅನ್ನವರ ಮಾತು ನಂಗ ಬ್ಯಾಡ. ನೀ ಬಂದು ತಪ್ಪು ಹುಡುಕು. ನಿನ್ನ ಕೈಯಾಗ ಪಾಸಾದ ಊರು ಇನ್ನೂ ಹುಟ್ಟಿಲ್ಲ. ಇದು ಪಾಸಾದ್ರ ಹೂಂ ಅಂತೀನಿ.”

“ಆಗಲಿಲ್ಲಂದ್ರ?”

“ಇಲ್ಲೇ ಇರ್ತೀನಿ. ಹೋಳಿಗಿ ತಿಂತೀನಿ.”

ಅವಳು ನನ್ನನ್ನು ಆರಿಸಿದ್ದರಲ್ಲಿ ತಪ್ಪಿಲ್ಲ. ಧಾರವಾಡದ ವಿಮಾ ಕಚೇರಿಯೊಂದರಲ್ಲಿ ಅರ್ಧ ಆಯುಷ್ಯ ಕಳೆದವಳು ನಾನು. ಉಳಿದವರಿಗೆ ಮನೆ ಕಂಡರೆ ನನಗೆ ಶಾರ್ಟ್ ಸರ್ಕಿಟ್ ಕಾಣುತ್ತದೆ. ಮದುವೆ ಮಂಟಪ ಹೊಕ್ಕರೆ ಮೊದಲು ಹೊರಗೆ ಹೋಗುವ ಬಾಗಿಲು ಹುಡುಕುತ್ತೇನೆ. ನ್ಯೂಜಿಲೆಂಡಿನಲ್ಲಿ ಭೂಕಂಪವಾಗುತ್ತದಂತೆ ಎಂದು ಹೊರಡುವ ಮುನ್ನ ನಮ್ಮ ಮನೆಯವರ ಮುಂದೆ ಹೇಳಿದ್ದಕ್ಕೆ ಅವರು ಪೇಪರಿನಿಂದ ತಲೆ ಎತ್ತದೆ, “ನೀ ಅಲ್ಲಿ ಇರೂತನಕ ಅದಕ್ಕ ಧೈರ್ಯ ಆಗೂದಿಲ್ಲ ಬಿಡು,” ಎಂದಿದ್ದರು.

ನಿಜವಾದ ಚಿಂತೆ ಭೂಕಂಪದ್ದಲ್ಲ. ಆ ಊರಲ್ಲಿ ಸುಮಾಳಿಗೆ ಗೊತ್ತಿರುವ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ಸಂಜೆ ಆಕೆ ಮನೆಗೆ ಬರದೇ ಹೋದರೆ ‘ಯಾಕ ಬರಲಿಲ್ಲ’ ಎಂದು ಯಾರು ಕೇಳಬೇಕು? ಅವಳಿಗೆ ಬೇಕಾಗಿದ್ದದ್ದು ಯಾರೂ ಏನೂ ಕೇಳದ ಊರು. ನನಗೆ ಬೇಕಾಗಿದ್ದದ್ದು ಕೇಳುವವರು ಒಬ್ಬರಾದರೂ ಇರುವ ಊರು. ಒಂದೇ ಊರು ಇವೆರಡೂ ಆಗುವುದು ಸಾಧ್ಯವಿರಲಿಲ್ಲ. ಹಾಗಾಗಿ ನನ್ನ ಅರ್ಧ ಕೆಲಸ ವಿಮಾನದಲ್ಲೇ ಮುಗಿದಿತ್ತು.

ಇಳಿಜಾರಿನ ಮನೆ

ವಿಮಾನ ನಿಲ್ದಾಣದ ಹೊರಗೆ ಊರು ಇರಲಿಲ್ಲ, ಕುರಿಗಳಿದ್ದವು. ಬಾಡಿಗೆಗೆ ಹಿಡಿದ ಸಣ್ಣ ಕಿತ್ತಳೆ ಬಣ್ಣದ ಕಾರಿನಲ್ಲಿ ಬಹಳ ಹೊತ್ತು ಬರೀ ಕುರಿಗಳನ್ನು ದಾಟುತ್ತ ಹೋದೆವು. ಊರು ಎಲ್ಲಿದೆ ಎಂದು ನಾನು ಕೇಳಿದಾಗಲೆಲ್ಲ ಸುಮಾ “ಬರ್ತದ” ಎನ್ನುತ್ತಿದ್ದಳು. ಒಂದು ಏರಿನ ನೆತ್ತಿಗೆ ಬಂದಾಗ ಬಂತು. ಉದ್ದಕ್ಕೆ ಒಳನುಗ್ಗಿದ ಸಮುದ್ರ, ಅದರ ಸುತ್ತ ಬೆಟ್ಟ, ಬೆಟ್ಟದ ಮೈಗೆ ಅಂಟಿಕೊಂಡ ಮನೆಗಳು, ನಡುನಡುವೆ ಚೂಪಾದ ಇಗರ್ಜಿ ಗೋಪುರಗಳು. ಚೆಂದವಿತ್ತು. ಅಷ್ಟು ಇಳಿಜಾರಿನಲ್ಲಿ ಮನೆ ಕಟ್ಟಿದವರು ಅಡಿಪಾಯಕ್ಕೆ ಏನು ಮಾಡಿದ್ದಾರೋ ಎನ್ನಿಸಿ ಚೆಂದವನ್ನು ಪೂರ್ತಿ ಸವಿಯಲಾಗಲಿಲ್ಲ.

ನಾವು ಇಳಿದುಕೊಳ್ಳಬೇಕಾಗಿದ್ದ ಮನೆಯೂ ಅಂಥದೇ ಒಂದು ಇಳಿಜಾರಿನ ಓಣಿಯಲ್ಲಿತ್ತು. ಮನೆಯೊಡತಿ ಕೆಳಗಿನ ಕೋಣೆಯನ್ನು ಪ್ರವಾಸಿಗರಿಗೆ ಕೊಡುತ್ತಾರೆ. ಸುಮಾ ಕಾರನ್ನು ರಸ್ತೆಯ ಅಂಚಿಗೆ ತಿರುಗಿಸಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತಟ್ಟಲು ಹೋದಳು. ನನಗೆ ಆ ಹ್ಯಾಂಡ್‌ಬ್ರೇಕಿನ ಸದ್ದು ಒಪ್ಪಿಗೆಯಾಗಲಿಲ್ಲ. ನಮ್ಮೂರಲ್ಲಿ ಲಾರಿ ಕ್ಲೀನರ್ ಮಾಡುವುದನ್ನೇ ನಾನೂ ಮಾಡಿದೆ. ಮನೆಯ ಮುಂದಿನ ಹೂವಿನ ಪಾತಿಗೆ ಅಂಚು ಕಟ್ಟಿದ್ದ ಕಲ್ಲುಗಳಲ್ಲಿ ದಪ್ಪನೆಯದೊಂದನ್ನು ಕಿತ್ತು, ಸೀರೆ ಎತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು, ಹಿಂದಿನ ಗಾಲಿಗೆ ತಡೆ ಕೊಡತೊಡಗಿದೆ.

ತಲೆ ಎತ್ತಿದರೆ ಎದುರಿಗೆ ಎರಡು ಗಂಬೂಟುಗಳು. ಅವುಗಳ ಮೇಲೆ ಎಪ್ಪತ್ತು ದಾಟಿದ, ಸಣಕಲು ದೇಹದ, ಬಿಳಿಗೂದಲಿನ ಹೆಂಗಸು. ನನ್ನ ಕೈಯಲ್ಲಿ ಆಕೆಯ ತೋಟದ ಕಲ್ಲು.

ಆಕೆ ಕಲ್ಲು ನೋಡಿದರು, ಗಾಲಿ ನೋಡಿದರು. “ಕಲ್ಲು ಸಾಲದು,” ಎಂದರು. “ಉರುಳುತ್ತೆ. ತಡೀರಿ.” ಒಳಗೆ ಹೋಗಿ ಕೆಂಪು ಬಣ್ಣ ಬಳಿದ ಒಂದು ಮರದ ಒಡ್ಡು ತಂದರು. ಗಾಲಿಗೆ ಕೊಡಲೆಂದೇ ಇಳಿಜಾರಾಗಿ ಕೊಯ್ದದ್ದು. ನನ್ನ ಪಕ್ಕದಲ್ಲೇ ಮೊಣಕಾಲೂರಿ ಅದನ್ನು ಗಾಲಿಯಡಿ ತುರುಕಿ, ಗಂಬೂಟಿನಿಂದ ಎರಡು ಸಲ ಒದ್ದು ಬಿಗಿ ಮಾಡಿದರು. “ಈಗ ನಿದ್ದೆ ಬರುತ್ತೆ. ನಾನು ಐಲ್ಸಾ. ಒಂದು ವೀ ಕಪ್ ಚಹಾ?”

‘ನಾವು ಕಪ್ ಚಹಾ’ ಎನ್ನುತ್ತಿದ್ದಾರೆಂದು ನಾನು ತಿಳಿದೆ. ಇಂಗ್ಲಿಷಿನ ‘ವೀ’ ಎಂದರೆ ‘ನಾವು’ ಅಲ್ಲವೇ. ಒಳಗೆ ಹೋದಮೇಲೆ ವೀ ಬಿಸ್ಕತ್ತು ಬಂತು, ವೀ ಮಳೆಯ ಮಾತು ಬಂತು, ನಮಗೆ ಮಲಗಲು ಕೊಟ್ಟದ್ದೂ ವೀ ಕೋಣೆಯೇ. ಸುಮಾ ನನ್ನ ಮುಖ ನೋಡಿ ಪಿಸುಗುಟ್ಟಿದಳು, “ಅಕ್ಕಾ, ವೀ ಅಂದ್ರ ಸಣ್ಣದು. ಸ್ಕಾಟ್‌ಲೆಂಡಿನ ಮಾತು. ಇಲ್ಲೆ ಎಲ್ಲಾರೂ ಎಲ್ಲಾದಕ್ಕೂ ಅಂತಾರ.”

ನಮ್ಮಲ್ಲಿ ‘ಒಂಚೂರು’ ಇದ್ದ ಹಾಗೆ. ಒಂಚೂರು ಬಾ, ಒಂಚೂರು ಕೂಡ್ರು, ಒಂಚೂರು ಸಾಲ ಕೊಡು. ಮಾತು ಸಣ್ಣದಾದಷ್ಟೂ ಕೇಳುವುದು ಹಗುರ. ಈ ಒಂದು ವಿಷಯದಲ್ಲಿ ಊರಿಗೆ ಮನಸ್ಸಿನಲ್ಲೇ ಒಂದು ಅಂಕ ಕೊಟ್ಟೆ. ಆ ರಾತ್ರಿ ಎರಡು ರಜಾಯಿ, ನನ್ನ ಶಾಲು, ಸುಮಾಳ ಜಾಕೆಟ್ಟು ಹೊದ್ದರೂ ಮೂಗು ಬೆಚ್ಚಗಾಗಲಿಲ್ಲ. ಕೊಟ್ಟ ಅಂಕವನ್ನು ಬೆಳಿಗ್ಗೆಯೊಳಗೆ ವಾಪಸು ತೆಗೆದುಕೊಂಡೆ.

ನೋಡದೇ ಬರೆದ ನಕ್ಷೆ

ಡನೀಡಿನ್ ಎಂದರೆ ಎಡಿನ್‌ಬರೋದ ಹಳೆಯ ಹೆಸರೇ. ಸ್ಕಾಟ್‌ಲೆಂಡಿನಿಂದ ದೇವರ ಭಯ ಹೊತ್ತು ಬಂದವರು ತಮ್ಮ ರಾಜಧಾನಿಯ ಓಣಿಗಳ ಹೆಸರನ್ನೂ ಹೊತ್ತು ತಂದು ಇಲ್ಲಿಟ್ಟರು. ಅವರಿಗಿಂತ ಬಹಳ ಮೊದಲು ಇಲ್ಲಿ ದೋಣಿ ಎಳೆದು ನಿಲ್ಲಿಸುತ್ತಿದ್ದ ಮೂಲನಿವಾಸಿ ಮಾವೊರಿಗಳು ಇದನ್ನು ಓಟೆಪೋಟಿ ಎನ್ನುತ್ತಿದ್ದರು, ಈಗಲೂ ಎನ್ನುತ್ತಾರೆ. ಬಾಯಲ್ಲಿ ಹೇಳಿ ನೋಡಿದರೆ ನಮ್ಮ ಸವದತ್ತಿ ಕಡೆಯ ಯಾವುದೋ ಹಳ್ಳಿಯಂತೆ ಕೇಳುತ್ತದೆ. ಓಟೆಪೋಟಿಗೆ ಬಸ್ ಎಷ್ಟಕ್ಕದ ಎಂದು ಕೇಳಬಹುದು.

ಊರಿನ ನಕ್ಷೆ ಬರೆದವರು ದೂರದ ಲಂಡನ್ನಿನಲ್ಲಿ ಕೂತಿದ್ದರಂತೆ. ನೆಲ ನೋಡಿರಲಿಲ್ಲ. ಕಾಗದದ ಮೇಲೆ ನೆಟ್ಟಗೆ ಗೆರೆ ಎಳೆದು ಕಳಿಸಿದರು. ಇಲ್ಲಿದ್ದವರು ಗೆರೆ ಇದ್ದಲ್ಲಿ ರಸ್ತೆ ಮಾಡಿದರು, ಅಲ್ಲಿ ಬೆಟ್ಟವಿದೆಯೋ ಇಲ್ಲವೋ ಎಂದು ಕೇಳಲಿಲ್ಲ. ಹೀಗಾಗಿ ಜಗತ್ತಿನಲ್ಲೇ ಅತಿ ಕಡಿದಾದದ್ದು ಎಂದು ಹೆಸರಾದ ಒಂದು ಓಣಿ ಈ ಊರಿಗೆ ದಕ್ಕಿದೆ. ಮನೆಗಳು ನೆಟ್ಟಗಿವೆ, ರಸ್ತೆ ವಾಲಿದೆ. ಫೋಟೋ ತೆಗೆದರೆ ರಸ್ತೆ ನೆಟ್ಟಗಿದ್ದು ಮನೆಗಳು ಮುಳುಗುತ್ತಿರುವಂತೆ ಬರುತ್ತದೆ.

“ಹುಡುಗೀನ ನೋಡದ ಬರೇ ಜಾತಕ ನೋಡಿ ಲಗ್ನ ಮಾಡಿದಂಗ ಆತು,” ಎಂದೆ ನಾನು, ಅರ್ಧ ಏರಿ ಯಾರದೋ ಮನೆಯ ಕಟ್ಟೆಯ ಮೇಲೆ ಉಸ್ಸೆಂದು ಕೂತು. ಬಾಯಿಂದ ಹೊರಬಿದ್ದ ಮೇಲೆ ಯಾರ ಮುಂದೆ ಏನು ಹೇಳಿದೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡೆ.

ಸುಮಾ ನಕ್ಕಳು. “ಇವರೂ ಗೆರಿ ಬದಲ ಮಾಡಲಿಲ್ಲ ನೋಡು. ಏರಿಕೋತ ಇಳಕೋತ ಇದ್ದುಬಿಟ್ರು. ನಾ ಇಳದೆ.” ಬಹಳ ದಿನಗಳ ಮೇಲೆ ಆ ವಿಷಯ ಅವಳೇ ಎತ್ತಿದ್ದು. ನಾನು ಏನಾದರೂ ಹೇಳಬಹುದೆಂದು ಅವಳು ಒಂದು ಕ್ಷಣ ಕಾದಳು. ನನಗೆ ಏದುಸಿರಿತ್ತು, ಅದು ಅನುಕೂಲವೇ ಆಯಿತು.

ಊರ ನಡುವೆ ಎಂಟು ಮೂಲೆಯ ಒಂದು ಚೌಕವಿದೆ. ಅಲ್ಲಿ ಸ್ಕಾಟ್‌ಲೆಂಡಿನ ಕವಿಯೊಬ್ಬನ ಪ್ರತಿಮೆ. ಅವನ ಬೆನ್ನು ಇಗರ್ಜಿಯ ಕಡೆಗೆ, ಮುಖ ಹೆಂಡದಂಗಡಿಗಳ ಕಡೆಗೆ ಎಂದು ಊರಿನವರು ಹೆಮ್ಮೆಯಿಂದ ತೋರಿಸುತ್ತಾರೆ. ದೇವರ ಭಯದವರು ಕಟ್ಟಿದ ಊರಿನಲ್ಲಿ ಇದನ್ನು ಯಾರೂ ತಿರುಗಿಸಿ ನಿಲ್ಲಿಸಿಲ್ಲ ಎನ್ನುವುದು ನನಗೆ ಹಿಡಿಸಿತು. ರೈಲು ನಿಲ್ದಾಣವೂ ಹಾಗೆಯೇ. ಕಪ್ಪು ಕಲ್ಲು, ಬಿಳಿ ಕಲ್ಲು, ನೆಲಕ್ಕೆಲ್ಲ ಪುಟ್ಟ ಪುಟ್ಟ ಬಣ್ಣದ ಬಿಲ್ಲೆ. ಅರಮನೆಯೇ ಸರಿ. ದಿನನಿತ್ಯ ಹೋಗಿಬರುವ ರೈಲು ಮಾತ್ರ ಇಲ್ಲ. ನಮ್ಮ ಹುಬ್ಬಳ್ಳಿಯ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಇಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳಿ ಎರಡು ಸಲ ಹಿಂದೆ ತಿರುಗಿ ನೋಡಿದೆ.

ಚಿನ್ನ ಸಿಕ್ಕಿದ ಮೇಲೆ ಬಂದ ಐಶ್ವರ್ಯ ಇದೆಲ್ಲ. ಮೊದಲು ಚಿನ್ನ ಕಂಡವನು ನಮ್ಮ ದೇಶದವನೊಬ್ಬನಂತೆ, ಹೆಸರೂ ಬಹುಮಾನವೂ ಹೋದದ್ದು ಬೇರೆಯವನಿಗಂತೆ. ಇದನ್ನು ಓದಿದಾಗ ಯಾಕೋ ನಮ್ಮ ಕಚೇರಿ ನೆನಪಾಯಿತು.

ಚೀನೀ ತೋಟ

ಮರುದಿನ ಐಲ್ಸಾ ತಾವೇ ನಮ್ಮ ಜೊತೆ ಹೊರಟರು. ರೈಲು ನಿಲ್ದಾಣದ ಹತ್ತಿರವೇ ಎತ್ತರದ ಗೋಡೆಯ ಹಿಂದೆ ಒಂದು ಚೀನೀ ತೋಟವಿದೆ. ದುಂಡನೆಯ ಬಾಗಿಲು ದಾಟಿದರೆ ಕೊಳ, ಬಾಗಿದ ಸೇತುವೆ, ಹೆಂಚಿನ ಮಾಡು. ಶಾಂಘೈಯಲ್ಲಿ ಬಿಡಿಬಿಡಿಯಾಗಿ ಕೆತ್ತಿ ಹಡಗಿನಲ್ಲಿ ತಂದು, ಅಲ್ಲಿನ ಬಡಿಗರೇ ಬಂದು ಜೋಡಿಸಿದ್ದಂತೆ. ಹೊರಗೆ ಸ್ಕಾಟಿಷ್ ಗೋಪುರ, ಒಳಗೆ ಚೀನಾ, ನಡುವೆ ಸೀರೆಯ ಮೇಲೆ ಸ್ವೆಟರ್ ಹಾಕಿದ ಧಾರವಾಡದ ಹೆಂಗಸು. ಯಾರೂ ನನ್ನನ್ನು ತಿರುಗಿ ನೋಡಲಿಲ್ಲ.

ಕೊಳದ ಪಕ್ಕ ಚಹಾ ಕುಡಿಯುತ್ತ ಐಲ್ಸಾ ತಮ್ಮ ಮುತ್ತಜ್ಜನ ಕತೆ ಹೇಳಿದರು. ಮುಖ ನೋಡಿದರೆ ಅವರು ಪೂರ್ತಿ ಸ್ಕಾಟಿಷ್. ಕಣ್ಣಂಚು ಮಾತ್ರ ಬೇರೆ ಏನೋ ಹೇಳುತ್ತದೆಂದು ನನಗೆ ಆಗ ಹೊಳೆಯಿತು. ಮುತ್ತಜ್ಜ ಚಿನ್ನಕ್ಕೆಂದು ಚೀನಾದ ದಕ್ಷಿಣದಿಂದ ಬಂದವನು. ಬೇರೆಯವರು ಸೋಸಿ ಬಿಟ್ಟ ಮಣ್ಣನ್ನೇ ಮತ್ತೆ ಸೋಸಿ ಬದುಕಿದ. ಆಮೇಲೆ ಕಾಯಿಪಲ್ಯೆ ಬೆಳೆದ. ಬಟ್ಟೆ ಒಗೆಯುತ್ತಿದ್ದ ಸ್ಕಾಟಿಷ್ ಹೆಣ್ಣೊಬ್ಬಳನ್ನು ಮದುವೆಯಾದ.

“ಅಲ್ಲಿ ಊರಲ್ಲೂ ಒಬ್ಬ ಹೆಂಡತಿ ಇದ್ದಳು,” ಎಂದರು ಐಲ್ಸಾ. “ನಮ್ಮ ಮುತ್ತಜ್ಜಿಗೆ ಗೊತ್ತಿತ್ತು. ಮನೆಯಲ್ಲಿ ಆ ಮಾತು ಯಾರೂ ಆಡುತ್ತಿರಲಿಲ್ಲ. ನನ್ನ ಅಮ್ಮ ಸಾಯುವ ಮುಂಚೆ ಹೇಳಿದಳು.”

“ಆಕೆ ಏನಾದಳು?” ಸುಮಾ ಕೇಳಿದಳು.

“ಗೊತ್ತಿಲ್ಲ. ಕಾದಿರಬೇಕು.”

ಇಲ್ಲಿ ಸತ್ತ ಚೀನೀಯರು ತಮ್ಮ ಎಲುಬಾದರೂ ಊರು ಮುಟ್ಟಲಿ ಎಂದು ಬಯಸುತ್ತಿದ್ದರಂತೆ. ಹಾಗೆ ಅಗೆದು ತೆಗೆದ ಎಲುಬುಗಳನ್ನು ತುಂಬಿಕೊಂಡು ಹೊರಟ ಹಡಗೊಂದು ಉತ್ತರದ ಕಡಲಲ್ಲಿ ಮುಳುಗಿತು. ಪೆಟ್ಟಿಗೆಗಳು ತೇಲಿ ದಡಕ್ಕೆ ಬಂದಾಗ ಅಲ್ಲಿನ ಮಾವೊರಿಗಳು, ಯಾರವೆಂದೂ ಗೊತ್ತಿಲ್ಲದ ಆ ಎಲುಬುಗಳನ್ನು ತಮ್ಮವರ ಪಕ್ಕದಲ್ಲೇ ಮಣ್ಣು ಮಾಡಿದರಂತೆ. ಐಲ್ಸಾ ಇದನ್ನು ಹವಾಮಾನ ಹೇಳುವ ಧ್ವನಿಯಲ್ಲಿ ಹೇಳಿದರು. ನಾನು ಹಡಗಿನ ಚಿಂತೆ ಮಾಡುವವಳು, ಆ ಹೊತ್ತು ಹಡಗು ಮರೆತು ದಡದವರನ್ನೇ ಯೋಚಿಸುತ್ತ ಕೂತೆ. ಚಹಾ ಆರಿತು.

ವಾಪಸು ಬರುವಾಗ ಸುಮಾ ನನಗಷ್ಟೇ ಕೇಳುವಂತೆ ಅಂದಳು, “ಇವತ್ತ ನೀ ಒಂದೂ ತಪ್ಪು ಹೇಳಲಿಲ್ಲ.”

“ಚಳಿ,” ಎಂದೆ ಅವಸರವಾಗಿ.

“ಅದು ನಿನ್ನೆ ಹೇಳಿದ್ದಿ.”

ಕಡಲ ದಾರಿ

ಶನಿವಾರ ಬೆಳಿಗ್ಗೆ ಅಲ್ಲಿಂದ ಹೊರಟೆವು. ಊರಿನಿಂದ ಸಮುದ್ರದೊಳಕ್ಕೆ ಒಂದು ಉದ್ದನೆಯ ನೆಲದ ನಾಲಿಗೆ ಚಾಚಿಕೊಂಡಿದೆ. ಅದರ ತುದಿಯಲ್ಲಿ ಆಲ್ಬಟ್ರಾಸ್ ಎಂಬ ಭಾರಿ ಕಡಲಹಕ್ಕಿಗಳು ಗೂಡು ಮಾಡುತ್ತವೆ. ಆ ದಾರಿಯಲ್ಲೇ ಸುಮಾಳ ಆಕ್ಲೆಂಡಿನ ಸಹೋದ್ಯೋಗಿಯೊಬ್ಬಳ ರಜಾಮನೆ ಇತ್ತು, ಕೊನೆಯ ರಾತ್ರಿ ಅಲ್ಲಿ. ಅಂಥ ಮನೆಗೆ ಆಕ್ಲೆಂಡಿನಲ್ಲಿ ಬ್ಯಾಚ್ ಎನ್ನುತ್ತಾರೆ, ಇಲ್ಲಿಯವರು ಕ್ರಿಬ್ ಎನ್ನುತ್ತಾರೆ.

ಸುಮಾ ಸಾಮಾನು ಕಾರಿಗೆ ತುಂಬುತ್ತಿದ್ದಳು. ಐಲ್ಸಾ ಕೆಂಪು ಒಡ್ಡನ್ನು ತಂದು ನನ್ನ ಕೈಗಿತ್ತರು. “ಇಟ್ಟುಕೊಳ್ಳಿ. ಅಲ್ಲೂ ಇಳಿಜಾರು. ನನ್ನ ಹತ್ತಿರ ಇನ್ನೊಂದಿದೆ.” ಆಮೇಲೆ ಬಾಗಿಲಲ್ಲಿ ನಿಂತು, “ಇವತ್ತೂ ಕೋಣೆ ಖಾಲಿಯೇ ಇದೆ. ಹಕ್ಕಿ ನೋಡಿ ಇಲ್ಲಿಗೇ ಬಂದುಬಿಡಿ, ದುಡ್ಡುಗಿಡ್ಡು ಬೇಡ,” ಎಂದರು.

ಇಂಥ ಮಾತಿಗೆ ಏನು ಹೇಳಬೇಕೆಂದು ನಮಗೆ ಹುಟ್ಟಿದಾಗಿನಿಂದ ಗೊತ್ತು. ಮನೆಯವರು ‘ಇರ್ರಿ’ ಎನ್ನಬೇಕು, ಬಂದವರು ‘ಬರ್ತೀವ್ರಿ’ ಎನ್ನಬೇಕು. ಇಬ್ಬರೂ ಅದನ್ನು ನಂಬಬಾರದು. ನಾನು ಐಲ್ಸಾ ಅವರ ಎರಡೂ ಕೈ ಹಿಡಿದು ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ, “ವೀ ವಿಲ್ ಗೋ ಅಂಡ್ ಕಮ್,” ಎಂದೆ. ಮನಸ್ಸು ತುಂಬಿ ಬಂದದ್ದರಿಂದ ‘ಡೆಫಿನೆಟ್ಲಿ’ ಎಂದೂ ಸೇರಿಸಿದೆ.

“ಸರಿ,” ಎಂದರು ಐಲ್ಸಾ. “ಒಂದು ವೀ ಸೂಪ್ ಮಾಡಿಡ್ತೀನಿ. ಮಾಂಸ ಹಾಕೋದಿಲ್ಲ.”

ಎಂಥ ಉಪಚಾರದ ಜನ ಎಂದುಕೊಂಡೆ.

ದಾರಿ ನೀರಿನ ಅಂಚಿನಲ್ಲೇ ಹಾವಿನಂತೆ ಹೋಗುತ್ತದೆ. ಬಹಳ ಕಡೆ ತಡೆಗೋಡೆ ಇಲ್ಲ. ನಾನು ಸಮುದ್ರದ ಕಡೆಯ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಬಲಗಾಲಿಂದ ಒತ್ತುತ್ತ ಬಂದೆ. ಒಂದು ಕಡೆ ದಂಡೆಯಲ್ಲಿ ಸ್ಮಾರಕದ ಕಲ್ಲು ನೆಟ್ಟಿದ್ದಾರೆ. ತಮ್ಮ ನೆಲ ಬಿಟ್ಟುಕೊಡದ ಉತ್ತರದ ಮಾವೊರಿಗಳನ್ನು ಸೆರೆ ಹಿಡಿದು ಇಷ್ಟು ದೂರ ತಂದು, ಈ ಊರಿನ ರಸ್ತೆ, ಕಡಲಗೋಡೆಗಳ ಕೆಲಸಕ್ಕೆ ಹಚ್ಚಿದ್ದರಂತೆ. ಬಹಳ ಜನ ತಿರುಗಿ ಹೋಗಲಿಲ್ಲ. ನಾವು ಇಳಿದು ಕಲ್ಲಿನ ಹತ್ತಿರ ಹೋಗಿ ಬಂದೆವು. ಆಮೇಲೆ ಆ ಗೋಡೆಗಳ ಗಟ್ಟಿತನದ ಬಗ್ಗೆ ಗೊಣಗಲು ನನಗೆ ಬಾಯಿ ಬರಲಿಲ್ಲ.

ಹಕ್ಕಿಗಳು ಹಾರಲಿಲ್ಲ. ಅವುಗಳಿಗೆ ಗಾಳಿ ಬೇಕು. ನಾನು ಮೂರು ದಿನ ದಕ್ಷಿಣದ ಗಾಳಿಗೆ ಹೆದರಿ ಕಿವಿಗೆ ಹತ್ತಿ ಇಟ್ಟುಕೊಂಡು ತಿರುಗಿದ್ದೆ. ಆ ದಿನ ಮಾತ್ರ ಒಂದು ಹುಲ್ಲೂ ಅಲುಗಲಿಲ್ಲ. ಹುಲ್ಲಿನ ನಡುವೆ ಕೂತ ಒಂದು ಬಿಳಿ ಬೆನ್ನು ಕಂಡಿತು. ಅದೇ ಆಲ್ಬಟ್ರಾಸ್ ಎಂದರು, ನಂಬಿದೆ. ಕ್ರಿಬ್ಬಿಗೆ ಬಂದು, ಗಾಲಿಗೆ ಕೆಂಪು ಒಡ್ಡು ಕೊಟ್ಟು, ಅವಲಕ್ಕಿ ಒಗ್ಗರಣೆ ಹಾಕಿ ತಿಂದೆವು. ಅಲ್ಲಿ ಫೋನ್ ಹತ್ತುತ್ತಿರಲಿಲ್ಲ. ಸುಮಾ ಅದಕ್ಕೆ ಖುಷಿಪಟ್ಟಳು. ಅರ್ಧ ತಿಂದು ತಟ್ಟೆ ಸರಿಸಿದಳು. ಅವಳು ಈಗೀಗ ಎಲ್ಲವನ್ನೂ ಅರ್ಧವೇ ತಿನ್ನುತ್ತಾಳೆಂದು ನಾನು ಆ ವಾರವೆಲ್ಲ ಗಮನಿಸುತ್ತಿದ್ದೆ.

“ಏನಂತೀ ಅಕ್ಕಾ? ಪಾಸೋ ನಪಾಸೋ?”

“ನಾಳೆ ಹೇಳ್ತೀನಿ,” ಎಂದೆ. ಹೇಳುವುದು ಆಗಲೇ ಗೊತ್ತಿತ್ತು. ಊರು ಛಲೋ ಇತ್ತು. ಆದರೆ ಆ ಮನೆಯ ಕಿಟಕಿಯಾಚೆ ಒಂದೂ ದೀಪ ಕಾಣದ ನೀರು ನೋಡುತ್ತ, ಇವಳನ್ನು ಇಲ್ಲಿ ಬಿಟ್ಟುಹೋಗುವುದು ನನ್ನಿಂದ ಆಗುವುದಿಲ್ಲ ಎನ್ನಿಸಿಬಿಟ್ಟಿತ್ತು.

ಬೆಳಿಗ್ಗೆ ಬಂದವರು

ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಸುಮಾ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷಿನೊಂದಿಗೇ ತೆರೆದಳು. ಗಂಬೂಟಿನಲ್ಲಿ ಐಲ್ಸಾ ನಿಂತಿದ್ದರು. ಹಿಂದೆ ಅವರ ಕಾರು. ಅದರ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡು ಒಂದು ದೊಡ್ಡ ಪಾತ್ರೆ ಕೂತಿತ್ತು.

ಅವರು ಮೊದಲು ಸುಮಾಳನ್ನು, ಆಮೇಲೆ ಅವಳ ಭುಜದ ಮೇಲಿಂದ ನನ್ನನ್ನು ನೋಡಿದರು. “ಇಬ್ಬರೂ ಇದ್ದೀರಿ,” ಎಂದು ದೊಡ್ಡ ಉಸಿರು ಬಿಟ್ಟರು. ತಕ್ಷಣ ಧ್ವನಿ ಬಿಗಿಯಾಯಿತು. “ಬರ್ತೀವಿ ಅಂದಿದ್ದಿರಿ.”

ಸುಮಾ ನನ್ನ ಕಡೆ ತಿರುಗಿದಳು. “ಅಕ್ಕಾ, ಅವರಿಗೆ ಏನಂದಿದ್ದಿ?”

“ಏನಿಲ್ಲ. ಹೋಗಿ ಬರ್ತೀವಿ ಅಂದೆ.”

“ಇಂಗ್ಲಿಷಿನಾಗ?”

“ಮತ್ತ ಅವರಿಗೆ ಕನ್ನಡದಾಗ ಹೇಳಲೇನು?”

ಸುಮಾ ಪೇಸ್ಟಿನ ನೊರೆಯ ಸಮೇತ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಉಗುಳುವ ಸದ್ದೂ ನಗುವ ಸದ್ದೂ ಒಟ್ಟಿಗೇ ಕೇಳಿದವು.

ಐಲ್ಸಾ ಸಂಜೆಯೇ ಸೂಪ್ ಮಾಡಿ, ಕೋಣೆಯ ಹೀಟರ್ ಹಾಕಿ ಕಾದಿದ್ದರು. ಫೋನ್ ಮಾಡಿದರೆ ಹತ್ತಲಿಲ್ಲ. ಪೊಲೀಸರಿಗೆ ಹೇಳಲೇ ಎಂದು ಯೋಚಿಸಿದರಂತೆ. ದೊಡ್ಡ ಹೆಂಗಸರು, ಎಲ್ಲೋ ಕುಡಿದು ಕೂತಿರಬಹುದು ಎಂದು ತಮಗೆ ತಾವೇ ಬೈದುಕೊಂಡರಂತೆ. ಬೆಳಕಾದ ಮೇಲೆ ತಡೆಯಲಾಗದೆ ಹೊರಟು, ಆ ತಡೆ ಇಲ್ಲದ ದಾರಿಯ ಉದ್ದಕ್ಕೂ ನೀರನ್ನು ನೋಡುತ್ತ ಬಂದರಂತೆ.

“ಈ ಮನೆ ಹೇಗೆ ಗೊತ್ತಾಯಿತು?” ಎಂದೆ.

“ಕಿತ್ತಳೆ ಕಾರು ಬೇಕಾದಷ್ಟಿವೆ. ಗಾಲಿಗೆ ನನ್ನ ಒಡ್ಡು ಕೊಟ್ಟಿದ್ದು ಇದೊಂದೇ.”

ನಾನು ವಿವರಿಸಿದೆ. ನಮ್ಮಲ್ಲಿ ಹೊರಡುವವರು ‘ಹೋಗ್ತೀನಿ’ ಎನ್ನಬಾರದು, ಅದು ಅಪಶಕುನ. ಅದಕ್ಕೇ ‘ಹೋಗಿ ಬರ್ತೀನಿ’ ಎನ್ನುತ್ತೇವೆ.

“ನಿಜವಾಗಿ ಬರುವವರಿದ್ದರೆ ಏನನ್ನುತ್ತೀರಿ?”

“ಅದನ್ನೇ.”

“ಬರದೇ ಇರುವವರಿದ್ದರೆ?”

“ಅದನ್ನೇ.”

“ಹಾಗಾದರೆ ಮನೆಯಲ್ಲಿ ಉಳಿದವರಿಗೆ ಹೇಗೆ ಗೊತ್ತಾಗುತ್ತೆ?”

ಇಷ್ಟು ವರ್ಷ ಆಡಿದ ಮಾತಿನ ಬಗ್ಗೆ ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಉತ್ತರ ಕೊಟ್ಟವಳು ಮುಖ ತೊಳೆದು ಬಂದ ಸುಮಾ. “ಗೊತ್ತಾಗೋದಿಲ್ಲ. ಅವರು ಕಾಯ್ತಾರೆ.”

ಐಲ್ಸಾ ಸುಮಾಳ ಕಡೆ ತಿರುಗಿದರು. “ನಮ್ಮ ಮುತ್ತಜ್ಜನೂ ಚೀನಾದಲ್ಲಿ ಅದನ್ನೇ ಹೇಳಿ ಬಂದಿರಬೇಕು,” ಎಂದರು. ಆಮೇಲೆ, “ಪಾತ್ರೆ ಬಿಸಿ ಮಾಡಿ,” ಎಂದರು.

ಜವೆಗೋಧಿ, ಗಜ್ಜರಿ, ಬಟಾಣಿ. ಉಪ್ಪು ಕಡಿಮೆ, ಖಾರ ಇಲ್ಲವೇ ಇಲ್ಲ. ನಾನು ಚೀಲದಿಂದ ಚಟ್ನಿಪುಡಿ ತೆಗೆದೆ. ಅವರು ಬೆರಳ ತುದಿಗೆ ಅದ್ದಿ ನೆಕ್ಕಿ ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಅದ್ದಿದರು. “ನಿಮಗೆ ಸಿಟ್ಟು ಬಂದಿತ್ತೇ?” ಎಂದು ಕೇಳಿದೆ. “ಸಿಟ್ಟಲ್ಲ. ವೀ ಚಿಂತೆ.” ಪಾತ್ರೆಗೆ ಬೆಲ್ಟ್ ಹಾಕಿ ಸಮುದ್ರದಲ್ಲಿ ಹೆಣ ಹುಡುಕುತ್ತ ಬರುವಷ್ಟು ಸಣ್ಣ ಚಿಂತೆ. ಜಗತ್ತಿನಲ್ಲಿ ನನ್ನ ಜಾತಿಯವರನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯಬಲ್ಲೆ.

ಸುಮಾ ಒಂದು ಬೋಗುಣಿ ಮುಗಿಸಿ, ಯಾರೂ ಹೇಳದೆ ಇನ್ನೊಂದು ಬಡಿಸಿಕೊಂಡಳು. ನಾನು ಬೇಕೆಂದೇ ಕಿಟಕಿಯಾಚೆ ನೋಡಿದೆ.

ವಿಮಾನ ನಿಲ್ದಾಣದ ದಾರಿಯಲ್ಲಿ ಸುಮಾಳೇ ಕಾರು ನಡೆಸಿದಳು. ಕುರಿಗಳು ಶುರುವಾದ ಮೇಲೆ ಅಂದಳು, “ಅಕ್ಕಾ, ಅವರು ಒಮ್ಮೆನೂ ‘ಯಾಕ ಒಬ್ಬಾಕೀನ ಅದಿ’ ಅಂತ ಕೇಳಲಿಲ್ಲ ನೋಡು.”

“ಮತ್ತೇನ ಕೇಳಿದ್ರು?”

“‘ಯಾಕ ಬರಲಿಲ್ಲ’ ಅಂತ ಕೇಳಿದ್ರು.”

ನಾನು ಬೆರಳು ಮಡಚಿ ತಪ್ಪು ಎಣಿಸತೊಡಗಿದೆ. “ಛಳಿ ಭಾಳ ಅದ. ಏರು ಭಾಳ. ಹಸೀ ಕರಿಬೇವು ಸಿಗೂದಿಲ್ಲ.”

“ಅಂದ್ರ ನಪಾಸು?”

“ಅವರ ಮನ್ಯಾಗ ಆ ಕೋಣಿ ನಿಂಗ ಬಾಡಿಗಿಗೆ ಕೊಡ್ತಾರೇನು, ಕೇಳ್ಲೇನು?”

ಸುಮಾ ಒಂದು ಕುರಿಹಿಂಡು ದಾಟುವ ತನಕ ಯೋಚಿಸಿದಳು. “ಅವರ ಮನ್ಯಾಗ ಬ್ಯಾಡ,” ಎಂದಳು. “ಅವರ ಓಣ್ಯಾಗ ಇರ್ತೀನಿ.”

ಈಗ, ಧಾರವಾಡದಲ್ಲಿ

ಹಾಗೇ ಇದ್ದಾಳೆ. ಐಲ್ಸಾ ಅವರ ಮನೆಯಿಂದ ಒಂಚೂರು ಮೇಲೆ, ಎದುರು ಸಾಲಿನಲ್ಲಿ.

ಅಲ್ಲಿ ಚಳಿಗಾಲದ ಸಂಜೆ ಕತ್ತಲಾಗುವಾಗ ಇಲ್ಲಿ ಕಚೇರಿಗೆ ಬೆಳಗಿನ ಚಹಾ ಬರುವ ಹೊತ್ತು. ಅಷ್ಟೊತ್ತಿಗೆ ನನ್ನ ಫೋನಿಗೆ ಐಲ್ಸಾ ಅವರ ಸಂದೇಶ ಬರುತ್ತದೆ. ದೀಪ ಹತ್ತಿತು. ಪರದೆ ಎಳೆದಾಯಿತು. ಕೆಲವೊಮ್ಮೆ ಮಳೆಯ ವಿಷಯ. ಅಷ್ಟೇ, ಬೇರೆ ಏನೂ ಇಲ್ಲ. ಸುಮಾಳಿಗೆ ಇದು ಗೊತ್ತು. “ಇಬ್ಬರೂ ಕೂಡಿ ನನ್ನ ಮ್ಯಾಲೆ ಪಾಳಿ ಹಾಕ್ಕೊಂಡೀರಿ,” ಎಂದು ಬೈಯುತ್ತಾಳೆ. ಪರದೆ ಎಳೆಯುವ ಮೊದಲು ಕೆಳಗಿನ ಮನೆಯ ಕಡೆ ಕೈ ಬೀಸುತ್ತಾಳೆಂದು ಐಲ್ಸಾ ಅವರಿಂದ ತಿಳಿಯಿತು.

ಮೊನ್ನೆ ಸಂದೇಶ ಬರಲಿಲ್ಲ. ಚಹಾ ಬಂದು ಹೋಯಿತು. ಒಂದು ಕ್ಲೇಮಿನ ಕಾಗದವನ್ನು ಮೂರು ಸಲ ಓದಿದರೂ ಯಾರು ಬಿದ್ದರು, ಎಲ್ಲಿ ಬಿದ್ದರು ಎಂದು ತಲೆಗೆ ಹೋಗಲಿಲ್ಲ. ವಿಚಿತ್ರವೆಂದರೆ ನನಗೆ ಸುಮಾಳ ಚಿಂತೆ ಹತ್ತಲಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಅಂಥ ಇಳಿಜಾರು, ಒದ್ದೆ ಮೆಟ್ಟಿಲು, ಒಬ್ಬರೇ. ಮಧ್ಯಾಹ್ನದ ಹೊತ್ತಿಗೆ ತಡೆಯಲಾಗದೆ ಸುಮಾಳಿಗೆ ಫೋನ್ ಮಾಡಿದೆ.

“ಐಲ್ಸಾ ಎಲ್ಲೆ ಅದಾರ? ಓಡಿಹೋಗಿ ನೋಡು, ಮದ್ಲ!”

“ಎಲ್ಲೆ ಓಡಲಿ? ಅವರು ಇಲ್ಲೇ ನನ್ನ ಮುಂದ ಕೂತು ಎಣ್ಣಿಗಾಯಿ ತಿನ್ಲಿಕ್ಕತ್ತಾರ. ನನ್ನ ಮನಿ ಒಳಗ ಕೂತ ಮ್ಯಾಲೆ ನನ್ನ ಮನಿ ದೀಪ ಹೆಂಗ ನೋಡ್ತಾರ?”

ಹಿಂದಿನಿಂದ ಐಲ್ಸಾ ಅವರ ಧ್ವನಿ ಕೇಳಿತು. ಬಾಯಲ್ಲಿ ತುತ್ತಿತ್ತು, ಮಾತು ತಿಳಿಯಲಿಲ್ಲ.

“ಏನಂತಾರ?”

“ನಿಂದು ಊಟ ಆತೇನು ಅಂತ ಕೇಳ್ಲಿಕ್ಕತ್ತಾರ.”

ಆಗಿರಲಿಲ್ಲ. ಕ್ಲೇಮಿನ ಕಾಗದ ಸರಿಸಿ ಬುತ್ತಿ ಬಿಚ್ಚಿದೆ.